ತರಗು ಬೆಂಕಿ ಮತ್ತು ನೆರವಿನ ಭಾಷೆ

ಆದಿವಾಸಿಗಳ ಕುರಿತ ಕನ್ನಡ ಬರಹಗಳಲ್ಲಿ ‘ಉದ್ಧಾರ’, ‘ಮುಖ್ಯವಾಹಿನಿ’ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ನೆರವು ನೀಡುವವನು ಬಲ್ಲವನು, ಪಡೆಯುವವನು ಅರಿಯದವನು ಎಂಬ ಗ್ರಹಿಕೆ ಅವುಗಳಲ್ಲಿ ಅಡಗಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಂದರ್ಭದಲ್ಲಿ ಅದರ ಪರಿಣಾಮವನ್ನು ಸ್ಪಷ್ಟವಾಗಿ ಕಾಣಬಹುದು.

ಕಾಡಿನ ನೆಲದಲ್ಲಿ ಬಿದ್ದ ಒಣ ಎಲೆಗಳಿಗೆ ಸೋಲಿಗರು ಬೇಸಿಗೆಯ ಆರಂಭದಲ್ಲೇ ಸಣ್ಣಗೆ ಬೆಂಕಿಯಿಡುತ್ತಿದ್ದರು. ಅದನ್ನು ಅವರು ‘ತರಗು ಬೆಂಕಿ’ ಎನ್ನುತ್ತಾರೆ. 1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾದ ಬಳಿಕ ಈ ರೂಢಿಯನ್ನು ತಡೆಯಲಾಯಿತು. ಉದ್ದೇಶವೇನೋ ಕಾಡನ್ನು ಉಳಿಸುವುದೇ ಆಗಿತ್ತು. ಆದರೆ ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು, ನೆಲ್ಲಿಮರಗಳಲ್ಲಿ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ವಿವರಣೆ. ಪರಿಸರ ಸಂಶೋಧಕರು ಅದನ್ನು ಗಂಭೀರವಾಗಿ ಪರಿಶೀಲಿಸತೊಡಗಿದ್ದು ದಶಕಗಳ ನಂತರ. ಅಷ್ಟರಲ್ಲಿ ಲಂಟಾನ ಕಾಡಿನ ಬಹುಭಾಗವನ್ನು ಆವರಿಸಿತ್ತು.

ಜಾನಪದ ಅಧ್ಯಯನವೂ ಈ ದೋಷದಿಂದ ಹೊರತಲ್ಲ. ರಂಗನಾಥನು ಸೋಲಿಗರ ಕುಸುಮಾಲೆಯನ್ನು ವರಿಸಿ ತಮಗೆ ಭಾವನಾದನೆಂದು ಹಾಡುವ ಹಿರಿಯನನ್ನು ‘ವಕ್ತೃ’ವೆಂದು ಗೌರವಿಸುವ ಶಿಸ್ತು, ಅದೇ ಹಿರಿಯನು ಬೆಂಕಿಯ ಬಗ್ಗೆ ಆಡಿದ ಮಾತನ್ನೂ ‘ನಂಬಿಕೆಗಳು’ ಎಂಬ ಅಧ್ಯಾಯಕ್ಕೆ ಸೇರಿಸಿಬಿಡುತ್ತದೆ. ವಾಸ್ತವವಾಗಿ ಅದು ನಂಬಿಕೆಯಲ್ಲ, ಪರೀಕ್ಷೆಗೆ ಒಡ್ಡಬಹುದಾದ ಹೇಳಿಕೆ. ಅದು ತಪ್ಪೂ ಇರಬಹುದು. ಆದರೆ ತಪ್ಪೆನ್ನುವ ಮೊದಲು ಪರೀಕ್ಷಿಸಬೇಕಾದ ಹೊಣೆ ಅಧ್ಯಯನಕಾರನದು.