ಯಾನದ ಕೊನೆಯ ಹರದಾರಿ: ಕರಾವಳಿಯ ಐತಿಹ್ಯಗಳಲ್ಲಿ ಅಳಿವೆ

ಶಿರಾ, ಮಧುಗಿರಿ, ಪಾವಗಡಗಳಂತಹ ಬಯಲುಸೀಮೆಯ ಓದುಗರಿಗೆ ಕಡಲಯಾನದ ಅಪಾಯವೆಂದೊಡನೆ ನೆನಪಾಗುವುದು ದಡ ಕಾಣದ ನಡುಗಡಲು. ಕರಾವಳಿಯ ಮೌಖಿಕ ಪರಂಪರೆ ಹೇಳುವುದು ಬೇರೆಯೇ. ಅಲ್ಲಿನ ಕೆಲವು ಪ್ರಸಿದ್ಧ ಐತಿಹ್ಯಗಳಲ್ಲಿ ಹಡಗು ಸಂಕಟಕ್ಕೆ ಸಿಲುಕುವುದು ದಡದ ತೆಂಗಿನ ಸಾಲು ಕಣ್ಣಿಗೆ ಬಿದ್ದ ಮೇಲೆ, ಯಾನ ಇನ್ನೇನು ಮುಗಿಯಿತು ಎನ್ನುವಾಗ. ಈ ಸಮಾನ ಆಶಯ ಆಕಸ್ಮಿಕವಲ್ಲ. ಇದರ ಹಿಂದೆ ಹಾಯಿಹಡಗಿನವರ ಶತಮಾನಗಳ ಅನುಭವವಿದೆ.

ಎಂಜಿನ್ ಬರುವ ಮುನ್ನ ಮಂಜಿ, ಪತ್ತೇಮಾರಿ, ಮಚವೆಗಳು ಪಶ್ಚಿಮ ಕರಾವಳಿಯುದ್ದಕ್ಕೂ ಸರಕು ಸಾಗಿಸುತ್ತಿದ್ದವು. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಅವುಗಳಿಗೆ ಕಡಲು ಮುಚ್ಚಿದಂತೆ. ಶ್ರಾವಣದ ನೂಲಹುಣ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿ ಅರ್ಪಿಸುವ ಆಚರಣೆಯು ಕಡಲಿನ ಬಾಗಿಲು ಮತ್ತೆ ತೆರೆಯುವುದರ ಸೂಚನೆ. ದಡವನ್ನು ಕಣ್ಣಳವಿನಲ್ಲಿ ಇಟ್ಟುಕೊಂಡು ಸಾಗುವುದು ಈ ಹಡಗುಗಳ ಕ್ರಮ. ರಾತ್ರಿ ನೆಲದಿಂದ ಬೀಸುವ ಗಾಳಿಯೂ ಹಗಲು ಕಡಲಿನಿಂದ ಬೀಸುವ ಗಾಳಿಯೂ ಅವುಗಳಿಗೆ ಆಧಾರ. ಭಟ್ಕಳದ ಸಮೀಪದ ನೇತ್ರಾಣಿ ದ್ವೀಪ, ಘಟ್ಟದ ನೆತ್ತಿಯ ಕುದುರೆಮುಖ, 1901ರ ನಂತರ ಕಾಪುವಿನ ದೀಪಸ್ತಂಭ ಇವೆಲ್ಲ ನಾವಿಕರಿಗೆ ಊರಿನ ದೂರ ತಿಳಿಸುವ ಗುರುತುಗಳು. ಕಡಲಿನಿಂದ ನೋಡುವವರಿಗೆ ಕುದುರೆಯ ಮುಖದಂತೆ ಕಾಣುವುದರಿಂದಲೇ ಆ ಶಿಖರಕ್ಕೆ ಹೆಸರು ಬಂದಿತೆಂಬ ನಂಬಿಕೆಯಿದೆ.

ಆದರೆ ಗುರುತು ಕಂಡ ಮಾತ್ರಕ್ಕೆ ಮನೆ ಸೇರಿದಂತಾಗುವುದಿಲ್ಲ. ಕರ್ನಾಟಕದ ಹಳೆಯ ಬಂದರುಗಳಲ್ಲಿ ಹೆಚ್ಚಿನವು ನದೀಮುಖದ ಒಳಗಿವೆ: ಮಂಗಳೂರಿಗೆ ನೇತ್ರಾವತಿ ಮತ್ತು ಫಲ್ಗುಣಿ, ಹೊನ್ನಾವರಕ್ಕೆ ಶರಾವತಿ, ತದಡಿಗೆ ಅಘನಾಶಿನಿ. ನದಿ ಕಡಲನ್ನು ಸೇರುವ ಈ ಬಾಯಿಯೇ ಅಳಿವೆ. ನದಿ ಹೊತ್ತು ತರುವ ಮರಳನ್ನು ಅಲೆಗಳು ತಡೆದು ನಿಲ್ಲಿಸುವುದರಿಂದ ಅಲ್ಲಿ ದಿಬ್ಬ ಬೆಳೆಯುತ್ತದೆ. ಪ್ರತಿ ಮಳೆಗಾಲದಲ್ಲಿಯೂ ಅದು ಜಾಗ ಬದಲಿಸುತ್ತದೆ. ಆದುದರಿಂದ ಕಳೆದ ವರ್ಷದ ದಾರಿ ಈ ವರ್ಷ ದಾರಿಯಲ್ಲ. ಇಲ್ಲಿ ಉಬ್ಬರದ ಏರಿಕೆ ಸಾಮಾನ್ಯವಾಗಿ ಒಂದೂವರೆ ಮೀಟರಿನೊಳಗೇ ಇರುವುದರಿಂದ, ಸರಕು ತುಂಬಿದ ಹಡಗಿಗೆ ದೊರೆಯುವ ಅವಕಾಶ ಅಲ್ಪ. ಉಬ್ಬರ ಮತ್ತು ಮಧ್ಯಾಹ್ನದ ಕಡಲಗಾಳಿ ಕೂಡಿ ಬರುವ ಹೊತ್ತಿಗಾಗಿ ತಂಡೇಲನು ಮನೆಯ ಹೊಗೆ ಕಾಣುವಷ್ಟು ಹತ್ತಿರದಲ್ಲಿಯೇ ಲಂಗರು ಇಳಿಸಿ ಕಾಯಬೇಕಾಗುತ್ತಿತ್ತು. ಮಳೆಗಾಲ ಸಮೀಪಿಸಿದಾಗ ಅವಸರ ಹೆಚ್ಚು, ಅಲೆಯೂ ಹೆಚ್ಚು. ಹಡಗು ದಿಬ್ಬ ಹತ್ತುವುದು ಇಂತಹ ಹೊತ್ತಿನಲ್ಲಿಯೇ.

ಈ ಹಿನ್ನೆಲೆಯಲ್ಲಿ ಮೂರು ಕಥನಗಳನ್ನು ಒಟ್ಟಿಗೆ ನೋಡಬಹುದು. ಮೊದಲನೆಯದು ಮಲ್ಪೆಯದು. ದ್ವಾರಕೆಯಿಂದ ಕರಾವಳಿಗುಂಟ ಬಂದ ಹಡಗು ಮಲ್ಪೆಯ ಎದುರು ಬಿರುಗಾಳಿಗೆ ಸಿಲುಕಿತು. ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯ ಬೀಸಿ ಅದನ್ನು ಪಾರುಮಾಡಿದರು. ಹಡಗಿನಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ದೊರೆತ ಕೃಷ್ಣನ ವಿಗ್ರಹ ಉಡುಪಿಯಲ್ಲಿ ಪ್ರತಿಷ್ಠೆಗೊಂಡಿತು ಎಂಬುದು ಪರಂಪರಾಗತ ಐತಿಹ್ಯ. ದಡದಿಂದ ಬಟ್ಟೆ ಬೀಸುವುದನ್ನು ಪವಾಡವೆಂದು ಭಕ್ತರು ಕಂಡರೆ, ಹಡಗಿಗೆ ದಾರಿ ತೋರುವ ಸಂಜ್ಞೆಯಾಗಿ ನಾವಿಕರು ಕಾಣಬಲ್ಲರು.

ಎರಡನೆಯದು ಮೂಲ್ಕಿಯ ಬಪ್ಪನಾಡಿನದು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ಸರಕಿನ ದೋಣಿ ಶಾಂಭವಿ ನದಿಯನ್ನು ಹೊಕ್ಕ ಮೇಲೆ ಮುಂದೆ ಸಾಗದೆ ನಿಂತಿತು, ನೀರು ಕೆಂಪಾಯಿತು. ದೇವಿಯು ಕನಸಿನಲ್ಲಿ ಕಾಣಿಸಿಕೊಂಡು ಗುಡಿ ಕಟ್ಟಲು ಹೇಳಿದಳು, ಸ್ಥಳೀಯ ಜೈನ ಅರಸನ ನೆರವಿನಿಂದ ಗುಡಿ ಎದ್ದಿತು ಎಂದು ಸ್ಥಳೈತಿಹ್ಯ ಹೇಳುತ್ತದೆ. ಊರಿಗೆ ಆ ವ್ಯಾಪಾರಿಯ ಹೆಸರೇ ನಿಂತಿದೆ. ಬಪ್ಪನ ಮನೆತನಕ್ಕೆ ಜಾತ್ರೆಯಲ್ಲಿ ಪ್ರಸಾದದ ಗೌರವ ಸಲ್ಲುವ ರೂಢಿಯೂ ಇದೆ.

ಮೂರನೆಯದು ಬೊಬ್ಬರ್ಯನದು. ಮುಸ್ಲಿಂ ವ್ಯಾಪಾರಿ ತಂದೆಗೂ ಜೈನ ಮೂಲದ ತಾಯಿಗೂ ಹುಟ್ಟಿ, ಹಡಗಿನೊಂದಿಗೆ ಕಡಲಿನಲ್ಲಿ ಅಳಿದು ದೈವವಾದವನೆಂದು ಪಾಡ್ದನದ ಪಾಠಗಳು ಅವನನ್ನು ಬಣ್ಣಿಸುತ್ತವೆ. ಮೊಗವೀರರು ಅವನನ್ನು ಕಡಲಿನ ಕಾವಲುಗಾರನೆಂದು ನಂಬುತ್ತಾರೆ, ಅವನ ಗುಡಿಗಳು ಕಡಲತಡಿಯಲ್ಲಿ ಇಂದಿಗೂ ಇವೆ. ಮರಳಿ ಬಾರದವನೇ ಮರಳುವವರನ್ನು ಕಾಯುವವನಾದ ಈ ಪರಿವರ್ತನೆ ಗಮನಾರ್ಹವಾದುದು.

ಮೊದಲೆರಡು ಕಥನಗಳಲ್ಲಿ ಹಡಗು ದಡದ ಹತ್ತಿರವೇ ಸಿಲುಕುತ್ತದೆ. ಮೂರನೆಯದರಲ್ಲಿ ರಕ್ಷಕನೇ ದಡದಲ್ಲಿ ನೆಲೆಗೊಂಡಿದ್ದಾನೆ. ಮೂರರಲ್ಲಿಯೂ ಹಡಗಿನವರು ಹೊರಗಿನವರು ಅಥವಾ ಅನ್ಯ ಮತದ ನಂಟುಳ್ಳವರು; ಮೂರರಲ್ಲಿಯೂ ನಷ್ಟ ಅಥವಾ ನಷ್ಟದ ಭಯ ಒಂದು ಆರಾಧನಾ ಕೇಂದ್ರಕ್ಕೆ ಕಾರಣವಾಗುತ್ತದೆ. ಅಳಿವೆಯಲ್ಲಿ ಹಡಗು ಸಿಲುಕಿದಾಗ ಅದನ್ನು ಬಿಡಿಸಲು ದಡದವರ ಕೈ ಬೇಕು. ದಿಬ್ಬದ ಮೇಲೆ ನಿಂತವನಿಗೆ ಕೈ ನೀಡಿದವನ ಕುಲ ಮುಖ್ಯವಾಗುವುದಿಲ್ಲ. ಈ ಪರಸ್ಪರ ಅವಲಂಬನೆಯನ್ನೇ ಐತಿಹ್ಯವು ದೈವದ ಭಾಷೆಯಲ್ಲಿ ಹೇಳುತ್ತದೆ.

ಹಾಯಿಯ ಕಾಲ ಮುಗಿದಿದೆ. ಮಂಗಳೂರಿನ ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿಗೆ ಎಂಜಿನ್ ಬಂದು ದಶಕಗಳೇ ಕಳೆದಿವೆ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಾರ್ಯಾರಂಭ ಮಾಡಿದ ಮೇಲೆ ದೊಡ್ಡ ಹಡಗುಗಳಿಗೆ ಅಳಿವೆಯ ಹಂಗೂ ತಪ್ಪಿತು. ಆದರೆ ಮೀನುಗಾರಿಕೆಯ ದೋಣಿಗಳಿಗೆ ಅದು ತಪ್ಪಿಲ್ಲ. ಹೂಳು ತುಂಬಿದ ಅಳಿವೆಗಳಲ್ಲಿ ಅವು ಮಗುಚುವುದು ಈಗಲೂ ಉಂಟು. ಹೀಗಿರುವಾಗ ಈ ಕಥನಗಳನ್ನು ಆಯಾ ಕ್ಷೇತ್ರದ ಮಹಿಮೆಯಾಗಿ ಮಾತ್ರ, ಬೇರೆಬೇರೆಯಾಗಿ ಸಂಗ್ರಹಿಸಿದರೆ ಎರಡು ಸಂಗತಿಗಳು ಕೈತಪ್ಪುತ್ತವೆ: ನದೀಮುಖವನ್ನು ಕುರಿತ ನಾವಿಕರ ತಿಳಿವಳಿಕೆ ಮತ್ತು ಆ ಮುಖದಲ್ಲಿ ಒಬ್ಬರನ್ನೊಬ್ಬರು ಕಾಯ್ದ ಸಮುದಾಯಗಳ ನೆನಪು. ಇವೆರಡನ್ನೂ ಬಲ್ಲ ಹಿರಿಯ ತಲೆಮಾರು ಇರುವಾಗಲೇ, ಪ್ರತಿ ಅಳಿವೆಯ ಕಥೆಯನ್ನು ಅದರ ಮರಳು, ಗಾಳಿ, ಉಬ್ಬರಗಳ ವಿವರದೊಡನೆ ದಾಖಲಿಸುವುದು ಜಾನಪದ ಅಧ್ಯಯನದ ಮುಂದಿರುವ ಕೆಲಸ.