ವಾತಾಯನ, ಬೆಳಕಿಂಡಿ, ಜಾಲಂಧ್ರ: ತುಮಕೂರು ಸೀಮೆಗೆ ತಕ್ಕ ಕಿಟಕಿ

ಕಿಟಕಿಯನ್ನು ಹೇಳುವ ಶಬ್ದಗಳು ನಮ್ಮಲ್ಲಿ ಹಲವುಂಟು. ಸಂಸ್ಕೃತದಿಂದ ಬಂದ ವಾತಾಯನವು ಗಾಳಿಯ ದಾರಿಯನ್ನೂ, ಗವಾಕ್ಷವು ಗೋವಿನ ಕಣ್ಣನ್ನೂ ಸೂಚಿಸುತ್ತವೆ. ಅಚ್ಚಗನ್ನಡದ ಬೆಳಕಿಂಡಿಯು ಬೆಳಕು ಬರುವ ಕಿಂಡಿ. ಜಾಲಂಧ್ರವಾದರೋ ಬಲೆಯಂತೆ ರಂಧ್ರಗಳುಳ್ಳ ಕಲ್ಲಿನ ತೆರೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇದನ್ನು ಇಂದಿಗೂ ನೋಡಬಹುದು. ಇಂಗ್ಲಿಷಿನ ವಿಂಡೋ ಎಂಬ ಪದಕ್ಕೂ ಮೂಲವಾದ ಹಳೆಯ ನಾರ್ಸ್ ಶಬ್ದಕ್ಕೆ ‘ಗಾಳಿಯ ಕಣ್ಣು’ ಎಂದೇ ಅರ್ಥ. ಗಾಳಿಯನ್ನು ಆಡಿಸುವುದು, ಬೆಳಕನ್ನು ತರುವುದು, ಬಿಸಿಲನ್ನು ಸೋಸುವುದು ಇವು ಮೂರು ಬೇರೆ ಬೇರೆ ಕೆಲಸಗಳೆಂಬುದು ಈ ಹೆಸರುಗಳಿಂದಲೇ ತಿಳಿಯುತ್ತದೆ. ಇಂದು ಶಕ್ತಿಯನ್ನು ಉಳಿಸುವ ಕಿಟಕಿಯೆಂದರೆ ಎರಡು ಪದರದ ಗಾಜೆಂದೇ ಅನೇಕರು ಭಾವಿಸಿರುವುದರಿಂದ, ತುಮಕೂರು, ಗುಬ್ಬಿ, ಕುಣಿಗಲ್ ಊರುಗಳ ಮನೆಗಳಿಗೆ ಯಾವುದು ತಕ್ಕುದೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಗಾಜಿನ ಮೂಲಕ ಶಾಖವು ಎರಡು ಬಗೆಯಾಗಿ ಒಳಹೊಗುತ್ತದೆ. ಮೊದಲನೆಯದು, ಹೊರಗಿನ ಸೆಕೆಯು ಗಾಜನ್ನು ಕಾಯಿಸಿ ಒಳಕ್ಕೆ ಹರಿಯುವುದು. ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇದ್ದರೆ, ಒಂದೇ ಪದರದ ಗಾಜು ಚದರ ಮೀಟರಿಗೆ ಸುಮಾರು 46 ವ್ಯಾಟ್ ಶಾಖವನ್ನು ಬಿಡುತ್ತದೆ. ನಡುವೆ ಗಾಳಿಯನ್ನು ಸೆರೆಹಿಡಿದ ಎರಡು ಪದರದ ಗಾಜು ಇದರ ಅರ್ಧದಷ್ಟನ್ನು ಬಿಡುತ್ತದೆ. ಉಳಿತಾಯವು 23 ವ್ಯಾಟ್. ಎರಡನೆಯದು, ಬಿಸಿಲೇ ನೇರವಾಗಿ ಗಾಜನ್ನು ದಾಟಿ ಬರುವುದು. ಪಶ್ಚಿಮದ ಗೋಡೆಯ ಮೇಲೆ ಬೇಸಗೆಯ ಸಂಜೆಬಿಸಿಲು ಚದರ ಮೀಟರಿಗೆ 500 ವ್ಯಾಟ್ ಬಿದ್ದಿತೆನ್ನೋಣ. ತಿಳಿಗಾಜು ಒಂದು ಪದರವಾದರೆ ಅದರಲ್ಲಿ ಸುಮಾರು 400, ಎರಡು ಪದರವಾದರೂ ಸುಮಾರು 350 ಒಳಕ್ಕೆ ಬರುತ್ತದೆ. ಹೀಗೆ ಒಳಬಂದ ಬಿಸಿಲು ನೆಲವನ್ನೂ ಗೋಡೆಯನ್ನೂ ಕಾಯಿಸಿದಮೇಲೆ, ಅವು ಹೊರಸೂಸುವ ಶಾಖವು ಗಾಜನ್ನು ದಾಟಿ ಹಿಂದಿರುಗಲಾರದು. ಒಳಗಡೆ ಪರದೆಯನ್ನು ಎಳೆದುದರಿಂದಲೂ ಪೂರ್ಣ ಪ್ರಯೋಜನವಿಲ್ಲ, ಏಕೆಂದರೆ ಶಾಖವು ಆಗಲೇ ಮನೆಯೊಳಗಾಗಿರುತ್ತದೆ. ಆದಕಾರಣ ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು ಮುಖ್ಯ. ಪದರಗಳ ಎಣಿಕೆ ಆಮೇಲಿನದು. ಎರಡು ಪದರದ ಗಾಜು ಹುಟ್ಟಿದ್ದು ಒಳಗಿನ ಬೆಚ್ಚನೆಯ ಗಾಳಿಯನ್ನು ಕಾಪಾಡಬೇಕಾದ ಚಳಿದೇಶಗಳಲ್ಲಿ ಎಂಬುದನ್ನು ನೆನೆಯಬೇಕು.

ಹೊರಗೆ ತಡೆಯುವುದು ಹೇಗೆಂಬುದನ್ನು ಸೂರ್ಯನ ಗತಿಯೇ ಹೇಳುತ್ತದೆ. ತುಮಕೂರು ಮತ್ತು ಗುಬ್ಬಿ ಉತ್ತರ ಅಕ್ಷಾಂಶ 13⅓ರ ಸುಮಾರಿನಲ್ಲಿಯೂ, ಕುಣಿಗಲ್ 13ರಲ್ಲಿಯೂ ಇವೆ. ಏಪ್ರಿಲ್ ಕಡೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯನು ಇಲ್ಲಿ ನೆತ್ತಿಯ ಮೇಲಿರುತ್ತಾನೆ; ಆಗಸ್ಟ್ ಮೂರನೆಯ ವಾರದಲ್ಲಿ ಮತ್ತೊಮ್ಮೆ ಹಾಗೆಯೇ. ಮಾರ್ಚಿಯ ವಿಷುವದಿನದಂದು, ನಾಲ್ಕಡಿ ಎತ್ತರದ ದಕ್ಷಿಣದ ಕಿಟಕಿಗೆ ಒಂದಡಿ ಮುಂಚಾಚಿದ ಸಜ್ಜೆಯೇ ಸಾಕು. ಡಿಸೆಂಬರಿನಲ್ಲಿ ಸೂರ್ಯನು ತಗ್ಗಿ, ಅದೇ ಸಜ್ಜೆಯ ಕೆಳಗಿನಿಂದ ಹಿತವಾದ ಬಿಸಿಲನ್ನು ಒಳಕ್ಕೆ ಕಳುಹಿಸುತ್ತಾನೆ. ಪಶ್ಚಿಮದ ಮಾತು ಹಾಗಲ್ಲ. ಏಪ್ರಿಲ್ ಕಡೆಯಲ್ಲಿ, ಮಧ್ಯಾಹ್ನವಾಗಿ ನಾಲ್ಕು ಗಂಟೆ ಕಳೆದಮೇಲೆ, ಅಷ್ಟೇ ಎತ್ತರದ ಕಿಟಕಿಯನ್ನು ಮರೆಮಾಡಲು ಆರಡಿಗೂ ಮಿಕ್ಕ ಚಾಚು ಬೇಕಾಗುತ್ತದೆ. ಅಷ್ಟು ದೊಡ್ಡ ಸಜ್ಜೆಯನ್ನು ಯಾರೂ ಕಟ್ಟುವುದಿಲ್ಲ; ಆದರೆ ಸೂರನ್ನು ಇಳಿಬಿಟ್ಟ ಅಗಲವಾದ ಜಗಲಿಯು ಅದೇ ಕೆಲಸವನ್ನು ಮಾಡುತ್ತದೆ. ಜಗಲಿಗೆ ಸ್ಥಳವಿಲ್ಲದ ಕಡೆ ಬಿದಿರಿನ ತಟ್ಟಿ, ಜಾಲಂಧ್ರ, ಇಲ್ಲವೆ ಒಂದು ಹೊಂಗೆಯ ಮರ ಉಪಾಯವಾಗಬಹುದು. ಇವಾವುವೂ ಸಾಧ್ಯವಾಗದ ಮಹಡಿಮನೆಗಳಿಗೂ, ಹಗಲೆಲ್ಲ ಯಂತ್ರದಿಂದ ತಂಪುಮಾಡುವ ಕೊಠಡಿಗಳಿಗೂ ಬಿಸಿಲನ್ನು ಹಿಂದೂಡುವ ಲೇಪದ ಗಾಜು ಸಲ್ಲುತ್ತದೆ.

ಇನ್ನು ಗಾಳಿಯ ವಿಷಯ. ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಎತ್ತರದಲ್ಲಿರುವ ತುಮಕೂರಿನಲ್ಲಿ ಬೇಸಗೆಯಲ್ಲಿಯೂ ರಾತ್ರಿಯ ಗಾಳಿಯು ಹಗಲಿಗಿಂತ ಬಹಳ ತಂಪು. ಹಗಲು ಕದವಿಕ್ಕಿ, ರಾತ್ರಿ ತೆರೆದರೆ ದಪ್ಪ ಗೋಡೆಗಳು ತಣಿದು ಮರುದಿನದ ಸೆಕೆಯನ್ನು ತಾಳಿಕೊಳ್ಳುತ್ತವೆ. ವಸತಿಗಳಿಗಾಗಿ ಕೇಂದ್ರ ಸರ್ಕಾರವು 2018ರಲ್ಲಿ ಹೊರಡಿಸಿದ ಇಕೋ ನಿವಾಸ್ ಸಂಹಿತೆಯು ಬೆಂಗಳೂರಿನಂತಹ ಸಮಶೀತೋಷ್ಣ ಪ್ರದೇಶದಲ್ಲಿ ಮನೆಯ ನೆಲದ ವಿಸ್ತಾರದ ಎಂಟನೆಯ ಒಂದು ಪಾಲಾದರೂ ತೆರೆಯಬಲ್ಲ ಕಂಡಿಯಿರಬೇಕೆನ್ನುತ್ತದೆ. ಈ ಅಳತೆಯನ್ನು 120 ಚದರಡಿಯ ಒಂದು ಕೋಣೆಗೆ ಹಿಡಿದರೆ 15 ಚದರಡಿ ಬೇಕು. ಅಲ್ಲಿ 20 ಚದರಡಿಯ ಕಿಟಕಿಯನ್ನಿಟ್ಟು, ಒಂದರ ಹಿಂದೊಂದು ಸರಿಯುವ ಎರಡು ಗಾಜುಗಳನ್ನು ಕೂಡಿಸಿದರೆ ತೆರೆಯುವುದು ಅರ್ಧ, ಎಂದರೆ 10 ಚದರಡಿ ಮಾತ್ರ. ತಿರುಗಣೆಯ ಮೇಲೆ ತೆರೆಯುವ ಎರಡು ಕದದ ಹಳೆಯ ಮಾದರಿಯಾದರೆ 18 ಚದರಡಿ ದೊರೆಯುತ್ತದೆ. ಕಿಟಕಿ ದೊಡ್ಡದೆಂಬ ಮಾತ್ರಕ್ಕೆ ಅದು ವಾತಾಯನವಾಗುವುದಿಲ್ಲ.

ಹಳೆಯ ಮನೆಗಳ ಎಲ್ಲವನ್ನೂ ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಅವುಗಳ ನಡುಮನೆಗಳಲ್ಲಿ ಕತ್ತಲೆಯೂ ಹೊಗೆಯೂ ಸಾಕಷ್ಟಿದ್ದುವು. ಗಾಜು ನಮಗೆ ಬೆಳಕನ್ನು ಕೊಟ್ಟಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಬೆಳಕಿಂಡಿಯೊಂದನ್ನೇ ಉಳಿಸಿಕೊಂಡು ವಾತಾಯನವನ್ನೂ ಜಾಲಂಧ್ರವನ್ನೂ ಕೈಬಿಟ್ಟರೆ, ಕಳೆದುದನ್ನು ವಿದ್ಯುತ್ತಿನ ಬೆಲೆ ತೆತ್ತು ಪಡೆಯಬೇಕಾಗುತ್ತದೆ. ಈ ಸೀಮೆಯ ಬಡಗಿಗಳ ಮತ್ತು ಕಲ್ಲುಕುಟಿಗರ ಬಾಯಲ್ಲಿ ಕಿಟಕಿಯ ಒಂದೊಂದು ಅಂಗಕ್ಕೂ ಹೆಸರಿದೆ. ಆ ಕಸಬಿನೊಡನೆ ಆ ಮಾತುಗಳೂ ಸರಿದುಹೋಗುತ್ತಿವೆ. ಊರೂರುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ಅವನ್ನು ಕೇಳಿ, ಅಳತೆ ಉಪಯೋಗಗಳ ಸಹಿತ ಬರೆದಿಟ್ಟರೆ, ನಿಘಂಟಿಗೆ ಶಬ್ದಗಳು ದೊರೆಯುವುದಲ್ಲದೆ ಮನೆ ಕಟ್ಟುವವರಿಗೆ ಜ್ಞಾನವೂ ದೊರೆಯುವುದು.