ರಾಜ್ಯಸಂಸ್ಥೆಯೂ ಕಾಲುವೆಯ ನೀರೂ

ಕಮ್ಯೂನಿಸ್ಟ್ ಸಿದ್ಧಾಂತದಲ್ಲಿ ರಾಜ್ಯಸಂಸ್ಥೆಯ ಸ್ಥಾನವೇನೆಂಬುದು ಬಹುಕಾಲದಿಂದ ಚರ್ಚಿತವಾಗಿರುವ ವಿಷಯವು. 1980ರಲ್ಲಿ ನರಗುಂದದಲ್ಲಿ ನಡೆದ ರೈತರ ಬಂಡಾಯವು ಈ ಚರ್ಚೆಯ ಒಂದು ಮುಖ್ಯಾಂಶವನ್ನು ಸ್ಪಷ್ಟಪಡಿಸುವುದರಿಂದ ಅದನ್ನು ಇಲ್ಲಿ ವಿವೇಚಿಸುವೆವು.

ಮಾರ್ಕ್ಸನ ಬರೆಹಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕಂಡುಬರುತ್ತವೆ. 1848ರ ಪ್ರಣಾಳಿಕೆಯ ಪ್ರಕಾರ ರಾಜ್ಯಾಧಿಕಾರವೆಂಬುದು ಒಂದು ವರ್ಗವು ಮತ್ತೊಂದನ್ನು ತುಳಿಯುವ ಸಾಧನವು. ಆದರೆ 1853ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಭಾರತವನ್ನು ಕುರಿತು ಬರೆದ ಲೇಖನದಲ್ಲಿ, ನೀರಾವರಿಯೇ ಮೊದಲಾದ ಲೋಕೋಪಯೋಗಿ ಕಾರ್ಯಗಳು ಏಷ್ಯದ ಸರಕಾರಗಳ ಕರ್ತವ್ಯವಾಗಿದ್ದುವೆಂದೂ, ಇಂಗ್ಲಿಷರು ಅವನ್ನು ಅಲಕ್ಷಿಸಿದುದರಿಂದ ಬೇಸಾಯವು ಕೆಟ್ಟಿತೆಂದೂ ಆತನು ಹೇಳಿರುವನು. 1878ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ಡ್ಯೂರಿಂಗ್ ಮತದ ಖಂಡನೆಯಲ್ಲಿ ಏಂಗೆಲ್ಸನು, ವರ್ಗಭೇದವು ಅಳಿದ ಬಳಿಕ ಮನುಷ್ಯರ ಮೇಲಣ ಆಳಿಕೆಯು ನಿಂತು ವಸ್ತುಗಳ ನಿರ್ವಹಣವು ಮಾತ್ರ ಉಳಿಯುವುದೆಂದೂ, ರಾಜ್ಯವು ತಾನಾಗಿ ಬಾಡಿಹೋಗುವುದೆಂದೂ ಪ್ರತಿಪಾದಿಸಿದನು. ಬಾಡತಕ್ಕದ್ದು ಕಾರ್ಮಿಕರ ರಾಜ್ಯವೇ ಹೊರತು ಬಂಡವಳಿಗರ ರಾಜ್ಯವಲ್ಲ, ಅದನ್ನು ಕ್ರಾಂತಿಯಿಂದಲೇ ಮುರಿಯಬೇಕೆಂಬುದು 1917ರಲ್ಲಿ ಲೆನಿನನು ಕೊಟ್ಟ ವ್ಯಾಖ್ಯಾನ. ಕಾರ್ಮಿಕರ ಹೆಸರಿನಿಂದ ಆಳುವವರೂ ಹೊಸ ಒಡೆಯರೇ ಆಗುವರೆಂದು ಬಕೂನಿನನು 1873ರಲ್ಲಿಯೇ ಆಕ್ಷೇಪಿಸಿದ್ದನು.

ಇನ್ನು ನರಗುಂದದ ನಿದರ್ಶನ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟನ್ನು ಕಟ್ಟಿ, ಸರಕಾರವು ಈ ಎರೆಯ ನೆಲಕ್ಕೆ ಕಾಲುವೆಗಳನ್ನು ತಂದಿತು. ನೀರಾವರಿಯಿಂದ ಭೂಮಿಯ ಬೆಲೆಯು ಹೆಚ್ಚಿತೆಂದು ಅಭಿವೃದ್ಧಿ ಕರವನ್ನು ಕೇಳಿತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರವೇ ಎಂಬುದು ರೈತರ ದೂರು. 1980ರ ಜುಲೈ 21ರಂದು ಜನರು ತಹಶೀಲ್ದಾರ ಕಚೇರಿಯನ್ನು ಮುತ್ತಲು ಗೋಲಿಬಾರಾಯಿತು. ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿತು.

ಇಲ್ಲಿ ರೈತನಿಗೆ ಇದಿರಾದವನು ಜಮೀನುದಾರನಲ್ಲ, ಸಾಹುಕಾರನೂ ಅಲ್ಲ; ಕಾಲುವೆಯನ್ನು ತೋಡಿಸಿದ ಸರಕಾರವೇ. ಮಾರ್ಕ್ಸನು ಹೇಳಿದ ಎರಡು ಲಕ್ಷಣಗಳೂ ಒಂದೇ ಕಚೇರಿಯಲ್ಲಿ ಕೂಡಿದ್ದುವು. ಅದು ವರ್ಗರಾಜ್ಯವಾದುದರಿಂದ ಹಾಗಾಯಿತೆಂದು ಲೆನಿನನ ಅನುಯಾಯಿಗಳು ಹೇಳಬಹುದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಾಲುವೆಯ ಮೇಲ್ದಂಡೆಯವನು ಮಿತಿಮೀರಿ ನೀರು ಹಾಯಿಸಿದರೆ ತುದಿಯವನ ಹೊಲ ಒಣಗುವುದು. ಅವನನ್ನು ತಡೆಯುವುದು ವಸ್ತುವಿನ ನಿರ್ವಹಣವೋ, ಮನುಷ್ಯನ ಮೇಲಣ ಆಳಿಕೆಯೋ? ಎರಡನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲ. ಆದಕಾರಣ ವರ್ಗಗಳು ಅಳಿದರೂ ತೂಬಿನ ಬಳಿ ಅಧಿಕಾರವೊಂದು ಇದ್ದೇ ತೀರುವುದು.

ಹಾಗಾದರೆ ಅದನ್ನು ಅಂಕೆಯಲ್ಲಿಡುವ ಬಗೆ ಯಾವುದು? 1871ರ ಪ್ಯಾರಿಸ್ ಕಮ್ಯೂನಿನಲ್ಲಿ ಪ್ರತಿನಿಧಿಗಳನ್ನು ಜನರು ಬೇಕಾದಾಗ ಹಿಂದಕ್ಕೆ ಕರೆಯಿಸಿಕೊಳ್ಳಬಹುದಾಗಿದ್ದ ಏರ್ಪಾಡನ್ನು ಮಾರ್ಕ್ಸನೇ ಕೊಂಡಾಡಿರುವನು. ರಾಜ್ಯವು ಎಂದು ಬಾಡುವುದೆಂಬ ಪ್ರಶ್ನೆಗಿಂತ, ತೂಬಿನ ಅಧಿಕಾರಿಯು ತುದಿಯ ಹೊಲದವನಿಗೆ ಉತ್ತರ ಕೊಡಬೇಕಾದವನೋ ಅಲ್ಲವೋ ಎಂಬ ಪ್ರಶ್ನೆಯೇ ಈ ಸಿದ್ಧಾಂತಕ್ಕೆ ನಿಜವಾದ ಒರೆಗಲ್ಲು.